ಮಸ್ಕಿಯ ಶಿಲೆಯಿಂದ ಗಣಕದ ಪರದೆಯವರೆಗೆ: ಸಿಂಧನೂರು–ಲಿಂಗಸುಗೂರು ಪ್ರದೇಶದಲ್ಲಿ ಭಿನ್ನರಾಶಿ ಮತ್ತು ಗಣಿತ ಚಿಹ್ನೆಗಳ ಬರವಣಿಗೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳು ಕೃಷ್ಣಾ ಹಾಗೂ ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶಕ್ಕೆ ಸೇರಿದವು. ಈ ನೆಲಕ್ಕಾಗಿ ನಡೆದ ಯುದ್ಧಗಳ ಚರಿತ್ರೆ ವಿಪುಲವಾಗಿ ಬರೆಯಲ್ಪಟ್ಟಿದೆ. ಆಯಾ ಆಳ್ವಿಕೆಯಲ್ಲಿ ಭೂಮಿಯನ್ನು ಅಳೆದವರು, ಕಂದಾಯವನ್ನು ಎಣಿಸಿದವರು, ಅಂಗಡಿಯ ಲೆಕ್ಕವನ್ನು ಬರೆದಿಟ್ಟವರು ಯಾವ ಚಿಹ್ನೆಗಳಿಂದ ಬರೆದರು ಎಂಬ ವಿಷಯಕ್ಕೆ ಮಾತ್ರ ಅಷ್ಟು ಗಮನ ದೊರೆತಿಲ್ಲ. ಪೂರ್ಣಾಂಕಗಳ ಚರಿತ್ರೆಯನ್ನು ಲಿಪಿಶಾಸ್ತ್ರಜ್ಞರು ವಿವರವಾಗಿ ಚರ್ಚಿಸಿದ್ದಾರೆ. ಕಾಲು, ಅರೆ, ಮುಕ್ಕಾಲುಗಳ ಚಿಹ್ನೆಗಳು ಹಾಗೂ ಮೊತ್ತಗಳನ್ನು ಬೇರ್ಪಡಿಸುವ ಚುಕ್ಕೆ, ಗೆರೆಗಳು ಬರವಣಿಗೆಯ ಸಾಧನ ಬದಲಾದಾಗಲೆಲ್ಲ ಏನಾದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಳೆಯ ಕಡತಗಳನ್ನು ಗಣಕಕ್ಕೆ ಇಳಿಸುವ ಕಾರ್ಯ ಎಲ್ಲೆಡೆ ನಡೆಯುತ್ತಿರುವ ಇಂದಿನ ದಿನಗಳಲ್ಲಿ ಇದು ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ. ಒಂದು ಗೆರೆಯನ್ನು ತಪ್ಪಾಗಿ ಓದಿದರೆ ಐದೂಕಾಲು ಐವತ್ತೊಂದಾಗುತ್ತದೆ.

ಈ ಪ್ರದೇಶದಲ್ಲಿ ಭಿನ್ನರಾಶಿಯ ಅತಿ ಪ್ರಾಚೀನ ಲಿಖಿತ ಉಲ್ಲೇಖವು ಮಸ್ಕಿಯಲ್ಲಿಯೇ ಇದೆ. ಚಿನ್ನದ ನಿಕ್ಷೇಪಗಳ ಶೋಧದಲ್ಲಿ ತೊಡಗಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ಅಶೋಕನ ಕಿರು ಶಿಲಾಶಾಸನವನ್ನು ಗುರುತಿಸಿದರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೆಯ ಸಂಪುಟವಾಗಿ ಸಂಪಾದಿಸಿ ಪ್ರಕಟಿಸಿದರು. 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದರಿಂದ ಈ ಶಾಸನವು ಜಗತ್ಪ್ರಸಿದ್ಧವಾಯಿತು. ಆ ಪ್ರಸಿದ್ಧಿಯ ಮರೆಯಲ್ಲಿ ಅದರ ಎರಡು ಸಂಖ್ಯಾವಾಚಕಗಳು ಉಳಿದುಹೋದವು. ಅರಸನು ಉಪಾಸಕನಾಗಿ ಕಳೆದ ಕಾಲವನ್ನು ಹೇಳುವಲ್ಲಿ 'ಅಢತಿಯ' ಎಂಬ ಪದವಿದೆ, ಎಂದರೆ ಎರಡೂವರೆ. ಕಡೆಯ ಸಾಲಿನಲ್ಲಿ ಧರ್ಮವು ಬೆಳೆಯುವ ಪ್ರಮಾಣವನ್ನು ಹೇಳುವಲ್ಲಿ 'ದಿಯಢಿಯ' ಎಂಬ ಪದವಿದೆ, ಎಂದರೆ ಒಂದೂವರೆ.

ಸಂಸ್ಕೃತದ 'ಅರ್ಧತೃತೀಯ' ಮತ್ತು 'ದ್ವ್ಯರ್ಧ' ಪದಗಳ ಪ್ರಾಕೃತ ರೂಪಗಳಿವು. ಮೂರನೆಯದು ಅರ್ಧವಾಗಿರುವುದು ಎರಡೂವರೆ, ಎರಡನೆಯದು ಅರ್ಧವಾಗಿರುವುದು ಒಂದೂವರೆ ಎಂಬುದು ಈ ಎಣಿಕೆಯ ಕ್ರಮ. ಇವೇ ಪದಗಳು ಮರಾಠಿಯಲ್ಲಿ 'ಅಡೀಚ' ಮತ್ತು 'ದೀಡ' ಎಂದೂ ಹಿಂದಿ–ದಖನಿಗಳಲ್ಲಿ 'ಢಾಯಿ' ಮತ್ತು 'ಡೇಢ' ಎಂದೂ ಬೆಳೆದವು. ಉತ್ತರ ಕರ್ನಾಟಕದ ಪೇಟೆಗಳಲ್ಲಿ ನೂರೈವತ್ತಕ್ಕೆ ದೀಡನೂರು, ಇನ್ನೂರೈವತ್ತಕ್ಕೆ ಅಡೀಚನೂರು ಎನ್ನುವ ರೂಢಿ ಇಂದಿಗೂ ಇದೆ. ಮಸ್ಕಿಯ ಬಂಡೆಯ ಮೇಲಿನ ಪದ ಮತ್ತು ಸಂತೆಯಲ್ಲಿ ಕೇಳಿಬರುವ ಪದ ಒಂದೇ ಮೂಲದವು. ಇದರಿಂದ ಮಸ್ಕಿಯಲ್ಲಿ ಈ ಪದಗಳು ಮೌರ್ಯರ ಕಾಲದಿಂದ ಅವಿಚ್ಛಿನ್ನವಾಗಿ ಉಳಿದುಬಂದಿವೆ ಎಂದು ತೀರ್ಮಾನಿಸುವುದು ಸರಿಯಲ್ಲ. ಅವು ಬಹುಕಾಲದ ನಂತರ ಮರಾಠಿ ಹಾಗೂ ದಖನಿಯ ಮೂಲಕ ಕನ್ನಡದ ಆಡುಮಾತಿಗೆ ಪ್ರವೇಶಿಸಿದವು ಎಂಬುದೇ ಹೆಚ್ಚು ಸಂಭವನೀಯ. ಆದರೂ ಮಾತಿನಲ್ಲಿ ಭಿನ್ನರಾಶಿಯ ಹೆಸರುಗಳಿಗೆ ಇರುವ ಬಾಳಿಕೆ ಬರವಣಿಗೆಯ ಚಿಹ್ನೆಗಳಿಗೆ ಇಲ್ಲ ಎಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

ಮಸ್ಕಿಯ ಶಾಸನದಲ್ಲಿ ಉಳಿದಿರುವ ಈ ಎರಡೂ ಸಂಖ್ಯೆಗಳು ಅಕ್ಷರಗಳಲ್ಲಿವೆ, ಅಂಕಿಗಳಲ್ಲಿಲ್ಲ. ಇದೇ ಕಿರು ಶಾಸನದ ಬ್ರಹ್ಮಗಿರಿಯ ಪಾಠವನ್ನು ಇದರೊಡನೆ ಹೋಲಿಸಬಹುದು. ಚಿತ್ರದುರ್ಗ ಜಿಲ್ಲೆಯ ಆ ಶಾಸನವನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಶೋಧಿಸಿದರು. ಅಲ್ಲಿ 256 ಎಂಬ ಸಂಖ್ಯೆಯು ಅಂಕಿಗಳಲ್ಲಿಯೇ ಬಂದಿದೆ. ಇನ್ನೂರಕ್ಕೆ ಒಂದು, ಐವತ್ತಕ್ಕೆ ಒಂದು, ಆರಕ್ಕೆ ಒಂದು ಹೀಗೆ ಮೂರು ಚಿಹ್ನೆಗಳನ್ನು ಅಕ್ಕಪಕ್ಕದಲ್ಲಿ ಕೊರೆಯಲಾಗಿದೆ. ಸ್ಥಾನಬೆಲೆಯಾಗಲಿ ಸೊನ್ನೆಯಾಗಲಿ ಇಲ್ಲಿಲ್ಲ. ಬಿಹಾರದ ಸಹಸ್ರಾಮದ ಪಾಠದಲ್ಲಿ ಇದೇ ಸಂಖ್ಯೆಯನ್ನು ಅಕ್ಷರದಲ್ಲಿಯೂ ಅಂಕಿಯಲ್ಲಿಯೂ ಎರಡು ಬಾರಿ ಬರೆಯಲಾಗಿದೆ. ಇಂದು ಬ್ಯಾಂಕಿನ ಚೆಕ್ಕುಗಳಲ್ಲಿ ಪಾಲಿಸುವ ಎಚ್ಚರಿಕೆಯನ್ನೇ ಇದು ನೆನಪಿಸುತ್ತದೆ. ಪೂರ್ಣಾಂಕಕ್ಕೆ ಚಿಹ್ನೆಗಳಿದ್ದ ಆ ಕಾಲದಲ್ಲಿಯೂ ಭಿನ್ನರಾಶಿಯನ್ನು ಪದದಲ್ಲಿಯೇ ಬರೆಯಲಾಗಿದೆ ಎಂಬುದು ಗಮನಾರ್ಹ. ನಂತರದ ಕನ್ನಡ ಶಾಸನಗಳಲ್ಲಿಯೂ ಗದ್ಯಾಣ, ಪಣ, ಹಾಗ, ವೀಸಗಳ ಹೆಸರುಗಳನ್ನು ಅಕ್ಷರಗಳಲ್ಲಿ ಬರೆಯುವ ಪದ್ಧತಿ ವ್ಯಾಪಕವಾಗಿತ್ತು. ಹಾಗವೆಂದರೆ ಕಾಲು, ವೀಸವೆಂದರೆ ಹದಿನಾರನೆಯ ಒಂದು ಭಾಗ, ಕಾಣಿಯೆಂದರೆ ಅರುವತ್ತನಾಲ್ಕನೆಯ ಒಂದು ಭಾಗ. ನಾಲ್ಕರಿಂದ ನಾಲ್ಕರಿಂದ ಭಾಗಿಸುತ್ತ ಸಾಗುವ ಈ ಕ್ರಮವು ಮುಂದೆ ಲೆಕ್ಕಪತ್ರದ ಚಿಹ್ನೆಗಳಿಗೆ ಆಧಾರವಾಯಿತು.

ಚಿಹ್ನೆಗಳ ನಿಜವಾದ ಬೆಳವಣಿಗೆಯನ್ನು ಕಡತಗಳಲ್ಲಿ ಕಾಣಬೇಕು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ವರ್ತಕರಿಗೂ ಗ್ರಾಮಲೆಕ್ಕಿಗರಿಗೂ ಅದು ಅನುಕೂಲವಾಗಿತ್ತು. ಶಿಲೆಯ ಮೇಲೆ ಪದವನ್ನು ಪೂರ್ಣವಾಗಿ ಕೆತ್ತಬಹುದು. ದಿನಕ್ಕೆ ನೂರಾರು ಬಾಬ್ತುಗಳನ್ನು ಬರೆಯುವವನಿಗೆ ಅಷ್ಟು ವ್ಯವಧಾನವಿಲ್ಲ. ಕನ್ನಡ, ಮರಾಠಿ, ಗುಜರಾತಿ ಮೊದಲಾದ ಭಾಷೆಗಳ ಲೆಕ್ಕಪತ್ರಗಳಲ್ಲಿ ಒಂದೇ ಬಗೆಯ ಗೆರೆಗಳ ಪದ್ಧತಿ ಬಳಕೆಯಲ್ಲಿತ್ತು. ಒಂದು ನೆಟ್ಟಗೆರೆ ಕಾಲು, ಎರಡು ನೆಟ್ಟಗೆರೆ ಅರೆ, ಮೂರು ನೆಟ್ಟಗೆರೆ ಮುಕ್ಕಾಲು. ಒಂದೊಂದು ಓರೆಗೆರೆಯೂ ಹದಿನಾರನೆಯ ಒಂದು ಭಾಗ, ಎಂದರೆ ರೂಪಾಯಿಯ ಲೆಕ್ಕದಲ್ಲಿ ಒಂದು ಆಣೆ. ಏಳಾಣೆಯನ್ನು ಬರೆಯಲು ಒಂದು ನೆಟ್ಟಗೆರೆ ಮತ್ತು ಮೂರು ಓರೆಗೆರೆಗಳು ಸಾಕು. ಹತ್ತಾಣೆಗೆ ಎರಡು ನೆಟ್ಟಗೆರೆ, ಎರಡು ಓರೆಗೆರೆ. ಕಣ್ಣಿಗೂ ಕೈಗೂ ಇಷ್ಟು ಸುಲಭವಾದ ಭಿನ್ನರಾಶಿ ಪದ್ಧತಿಯನ್ನು ಅಚ್ಚಿನ ಯುಗವು ಸೃಷ್ಟಿಸಲಿಲ್ಲ.

ಈ ಗೆರೆಗಳ ಜೊತೆಯಲ್ಲಿಯೇ ದೋಆಬ್ ಪ್ರದೇಶದಲ್ಲಿ ಮತ್ತೊಂದು ಸಂಖ್ಯಾಲಿಪಿಯೂ ಚಲಾವಣೆಯಲ್ಲಿತ್ತು. 1853ರಿಂದ 1860ರವರೆಗಿನ ಬ್ರಿಟಿಷ್ ಆಡಳಿತದ ಅವಧಿಯನ್ನು ಬಿಟ್ಟರೆ ಈ ಭಾಗವು 1948ರವರೆಗೆ ನಿಜಾಮರ ಅಧೀನದಲ್ಲಿತ್ತು. 1905ರಲ್ಲಿ ರದ್ದಾಗುವವರೆಗೆ ಲಿಂಗಸುಗೂರು ಸ್ವತಃ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಆಡಳಿತದ ಭಾಷೆ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ದಖನ್ನಿನ ಪಾರಸಿ ಕಂದಾಯ ಲೆಕ್ಕಗಳಲ್ಲಿ ಮೊತ್ತಗಳನ್ನು 'ಸಿಯಾಖ್' ಅಥವಾ 'ರಖಮ್' ಎಂಬ ಸಂಕೇತಗಳಲ್ಲಿ ಬರೆಯುತ್ತಿದ್ದರು. ಅರಬ್ಬೀ ಸಂಖ್ಯಾವಾಚಕಗಳನ್ನು ಸಂಕ್ಷೇಪಿಸಿ ಹೆಣೆದ ರೂಪಗಳಿವು. ಬಲದಿಂದ ಎಡಕ್ಕೆ ಬರೆಯಲಾಗುತ್ತಿತ್ತು. ಇವುಗಳಲ್ಲಿ ಒಂದು ಅಂಕಿಯನ್ನು ತಿದ್ದಿ ಮತ್ತೊಂದನ್ನಾಗಿಸುವುದು ಸುಲಭವಲ್ಲ. ಆದ್ದರಿಂದಲೇ ಲೆಕ್ಕಿಗರಿಗೆ ಅವುಗಳಲ್ಲಿ ವಿಶ್ವಾಸ. ಕಲಿಯದ ರೈತನಿಗೆ ಮಾತ್ರ ಅದು ಕೇವಲ ಸುರುಳಿಗಳ ಸಾಲು. ತನ್ನ ಹೊಲದ ಕಂದಾಯವು ಯಾವ ಚಿಹ್ನೆಯಲ್ಲಿ ದಾಖಲಾಗಿದೆ ಎಂಬುದನ್ನೇ ಓದಲಾಗದ ಸ್ಥಿತಿಯಲ್ಲಿ ಆತನು ಗ್ರಾಮಲೆಕ್ಕಿಗನ ಬಾಯಿಮಾತನ್ನು ನಂಬಬೇಕಾಗಿತ್ತು.

ನಾಣ್ಯಪದ್ಧತಿಯೂ ಲೆಕ್ಕವನ್ನು ಜಟಿಲಗೊಳಿಸಿತ್ತು. ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ ಏಳು ರೂಪಾಯಿಗಳು ಬ್ರಿಟಿಷ್ ಭಾರತದ ಆರು ರೂಪಾಯಿಗಳಿಗೆ ಸಮ. ನೂರು ಬ್ರಿಟಿಷ್ ರೂಪಾಯಿಗೆ ಹಾಲಿ ಲೆಕ್ಕದಲ್ಲಿ 116 ರೂಪಾಯಿ 10 ಆಣೆ 8 ಪೈ. ತುಂಗಭದ್ರೆಯ ಆಚೆಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಸಿಂಧನೂರಿನ ವರ್ತಕನು ಹೊಳೆ ದಾಟಿದರೆ ನಾಣ್ಯವೂ ಬದಲಾಗುತ್ತಿತ್ತು. ಮುದ್ರಿತ ನಮೂನೆಗಳಲ್ಲಿ ಈ ಮೊತ್ತವನ್ನು 116-10-8 ಎಂದು ಅಡ್ಡಗೆರೆಗಳಿಂದ ಬೇರ್ಪಡಿಸಿ ಬರೆಯಲಾಗುತ್ತಿತ್ತು. ಆ ಅಡ್ಡಗೆರೆಯು ಕಳೆಯುವ ಚಿಹ್ನೆಯಲ್ಲ ಎಂಬುದು ಅಂದಿನವರಿಗೆ ಹೇಳಬೇಕಾಗಿರಲಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬಂದ ಮೇಲೆ ಆಣೆಯ ಗೆರೆಗಳಿಗೆ ಕೆಲಸವಿಲ್ಲದಂತಾಯಿತು. ಹೆಸರು ಮಾತ್ರ ಉಳಿಯಿತು. 25 ಪೈಸೆಯ ನಾಣ್ಯವು 2011ರ ಜೂನ್ ಅಂತ್ಯದಲ್ಲಿ ಚಲಾವಣೆಯಿಂದ ಹೋಗುವವರೆಗೂ ಜನರ ಬಾಯಲ್ಲಿ ಅದು ನಾಲ್ಕಾಣೆಯೇ ಆಗಿತ್ತು.

ನಾಣ್ಯದಿಂದ ಹೊರಟುಹೋದ ಆಣೆಯು ಭೂಮಿಯ ಲೆಕ್ಕದಲ್ಲಿ ಉಳಿದುಕೊಂಡಿರುವುದು ಒಂದು ವಿಶೇಷ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಪಹಣಿಯಲ್ಲಿ ವಿಸ್ತೀರ್ಣವನ್ನು ಈ ಘಟಕಗಳ ನಡುವೆ ಚುಕ್ಕೆಯಿಟ್ಟು ಬರೆಯಲಾಗುತ್ತದೆ. 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಮಸ್ಕಿಯ ಶಾಸನದ 'ಅಢತಿಯ'. ಶಾಲೆಯಲ್ಲಿ ದಶಮಾಂಶ ಕಲಿತವನ ಕಣ್ಣಿಗೆ ಅದೇ ಬರಹ ಎರಡು ಎಕರೆ ಎಂಟು ಗುಂಟೆಯಾಗಿ ಕಾಣುತ್ತದೆ. ಗಣಕದ ಲೆಕ್ಕಹಾಳೆಗೆ ಈ ಸಂಖ್ಯೆಯನ್ನು ಊಡಿದರೆ ಕಡೆಯ ಸೊನ್ನೆಯನ್ನು ಅದು ತಾನಾಗಿಯೇ ಅಳಿಸಿ 2.2 ಎಂದು ತೋರಿಸುತ್ತದೆ. ಅದನ್ನು ಪಹಣಿಯ ರೂಢಿಯಂತೆ ಓದಿದರೆ ಎರಡು ಎಕರೆ ಎರಡು ಗುಂಟೆ. ಹದಿನೆಂಟು ಗುಂಟೆ ಭೂಮಿಯು ಒಂದು ಸೊನ್ನೆಯೊಂದಿಗೆ ಮಾಯವಾಗುತ್ತದೆ. ಕೂಡುವಾಗಲೂ ಇದೇ ಸಮಸ್ಯೆ. 2.30 ಮತ್ತು 1.30ನ್ನು ಗಣಕವು 3.60 ಎಂದು ಕೂಡುತ್ತದೆ. ಸರಿಯಾದ ಉತ್ತರ ನಾಲ್ಕು ಎಕರೆ ಇಪ್ಪತ್ತು ಗುಂಟೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಬೆಳೆ ನೆಲೆಗೊಂಡ ಸಿಂಧನೂರಿನಲ್ಲಿ ಹದಿನೆಂಟು ಗುಂಟೆಯೆಂದರೆ ಸಣ್ಣ ವಿಷಯವಲ್ಲ. ಭೂದಾಖಲೆಗಳಿಗೆಂದೇ ರೂಪಿಸಿದ ತಂತ್ರಾಂಶಗಳು ಎಕರೆ, ಗುಂಟೆಗಳನ್ನು ಬೇರೆ ಬೇರೆಯಾಗಿ ಎಣಿಸಬಲ್ಲವು. ಅಪಾಯವಿರುವುದು ಅವುಗಳ ಪ್ರತಿಯನ್ನು ಸಾಮಾನ್ಯ ಲೆಕ್ಕಹಾಳೆಗೆ ಸಾಗಿಸುವಲ್ಲಿ.

ಚುಕ್ಕೆಯ ಬಗೆಗೆ ಇನ್ನೊಂದು ಮಾತನ್ನು ಹೇಳಬೇಕು. ಉರ್ದು ಅಂಕಿಗಳಲ್ಲಿ ಸೊನ್ನೆಯ ರೂಪವೇ ಚುಕ್ಕೆ. ಹೀಗಾಗಿ ಈ ಪ್ರದೇಶದ ಕಾಗದಗಳಲ್ಲಿ ಚುಕ್ಕೆಗೆ ಮೂರು ಅರ್ಥಗಳಿವೆ: ಉರ್ದು ದಾಖಲೆಯಲ್ಲಿ ಸೊನ್ನೆ, ಪಹಣಿಯಲ್ಲಿ ಘಟಕಗಳ ಗಡಿ, ಶಾಲೆಯ ಪಾಠದಲ್ಲಿ ದಶಮಾಂಶ ಬಿಂದು. ಕನ್ನಡದ ಸೊನ್ನೆಗೂ ಇಂಥ ಇಬ್ಬಗೆ ಇದೆ. ಅನುಸ್ವಾರಕ್ಕೂ ಶೂನ್ಯಕ್ಕೂ ಸೊನ್ನೆಯೆಂಬುದೇ ಹೆಸರು, ಎರಡರ ಆಕಾರವೂ ಒಂದೇ. ಬರೆಯುವ ಕೈಗೆ ಅದರಿಂದ ತೊಂದರೆಯಿಲ್ಲ. ಆದರೆ ಗಣಕಕ್ಕೆ ಅವೆರಡು ಬೇರೆ ಬೇರೆ ಸಂಕೇತಗಳು. ಇಸವಿಯೊಂದನ್ನು ಕನ್ನಡ ಅಂಕಿಗಳಲ್ಲಿ ಬೆರಳಚ್ಚಿಸುವಾಗ ಶೂನ್ಯದ ಬದಲು ಅನುಸ್ವಾರವನ್ನು ಒತ್ತಿದರೆ ಪುಟದ ಮೇಲೆ ಯಾವ ದೋಷವೂ ಕಾಣುವುದಿಲ್ಲ; ಹುಡುಕಿದಾಗ ಮಾತ್ರ ಆ ಇಸವಿ ಸಿಗುವುದಿಲ್ಲ.

ಅಚ್ಚುಮೊಳೆ ಹಾಗೂ ಬೆರಳಚ್ಚು ಯಂತ್ರಗಳ ಹಂತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಕನ್ನಡ ಬೆರಳಚ್ಚಿನ ಕೀಲಿಮಣೆಯಲ್ಲಿ ಒತ್ತಕ್ಷರಗಳಿಗೇ ಸ್ಥಳ ಸಾಲದಿರುವಾಗ ಕಾಲು, ಅರೆಗಳ ಗೆರೆಗಳಿಗೆ ಸ್ಥಾನ ಸಿಗುವಂತಿರಲಿಲ್ಲ. ವರ್ಗಮೂಲದಂತಹ ಚಿಹ್ನೆಗಳನ್ನು ಹಾಳೆಯ ಮೇಲೆ ಜಾಗ ಬಿಟ್ಟು ನಂತರ ಕೈಯಿಂದ ಬರೆಯುವುದೇ ವಾಡಿಕೆಯಾಯಿತು. ಗಣಕದ ಆಗಮನದಿಂದ ಈ ಕೊರತೆ ನೀಗಬೇಕಾಗಿತ್ತು. ವಾಸ್ತವದಲ್ಲಿ ಮೊದಲ ಹಂತದಲ್ಲಿ ನಡೆದುದು ಇದಕ್ಕೆ ವಿರುದ್ಧವಾದುದು.

1991ರಲ್ಲಿ ಪ್ರಕಟವಾದ ಯುನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಸಾಮಾನ್ಯ ಬಳಕೆಯ ಗಣಕಗಳು ಅದನ್ನು ಸರಿಯಾಗಿ ತೋರಿಸಲು ವರ್ಷಗಳು ಬೇಕಾದವು. ನಡುವಣ ಅವಧಿಯಲ್ಲಿ 1998ರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಮೊದಲಾದ ತಂತ್ರಾಂಶಗಳು ಕನ್ನಡ ಬರವಣಿಗೆಯನ್ನು ತಾಲ್ಲೂಕು ಕೇಂದ್ರಗಳವರೆಗೆ ಕೊಂಡೊಯ್ದವು. ಆ ಉಪಕಾರ ದೊಡ್ಡದು. ಅವು ಅನುಸರಿಸಿದ ಎಂಟು ಬಿಟ್‌ಗಳ ಪದ್ಧತಿಯಲ್ಲಿ ಲಭ್ಯವಿದ್ದುದು ಒಟ್ಟು 256 ಮನೆಗಳು. (ಬ್ರಹ್ಮಗಿರಿಯ ಸಂಖ್ಯೆಯೇ ಇಲ್ಲಿಯೂ ಬಂದಿರುವುದು ಆಕಸ್ಮಿಕ.) ಆ ಮನೆಗಳಲ್ಲಿ ಅದಾಗಲೇ ರೋಮನ್ ಅಕ್ಷರಗಳೂ ಗಣಿತ ಚಿಹ್ನೆಗಳೂ ವಾಸವಾಗಿದ್ದವು. ಕನ್ನಡದ ಅಕ್ಷರಭಾಗಗಳನ್ನು ಅವುಗಳ ಜಾಗದಲ್ಲಿಯೇ ಕೂರಿಸಬೇಕಾಯಿತು. ಹೀಗೆ ಕಾಲು ಚಿಹ್ನೆಯಾದ ¼ ಇರುವ 188ನೆಯ ಮನೆಗೆ ತಲಕಟ್ಟಿಲ್ಲದ 'ಳ' ಬಂದಿತು. ಅರೆಯ ಚಿಹ್ನೆಯಾದ ½ ಇರುವ 189ನೆಯ ಮನೆಗೆ 'ಳಿ' ಬಂದಿತು. ವರ್ಗವನ್ನು ಸೂಚಿಸುವ ಮೇಲಂಕಿ ² ಇದ್ದಲ್ಲಿ 'ಶಿ', ಗುಣಾಕಾರ ಚಿಹ್ನೆ × ಇದ್ದಲ್ಲಿ ಠಕಾರದ ಒತ್ತು, ಕೂಡು–ಕಳೆ ಚಿಹ್ನೆ ± ಇದ್ದಲ್ಲಿ ಶಕಾರದ ದೇಹ.

ಇದರ ಪರಿಣಾಮ ಎರಡು ಬಗೆಯದು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ 'ಹಳ್ಳಿ' ಎಂಬ ಪದದ ನಡುವೆ ಅರೆಯ ಚಿಹ್ನೆಯೂ 'ಮಕ್ಕಳು' ಎಂಬ ಪದದಲ್ಲಿ ಕಾಲಿನ ಚಿಹ್ನೆಯೂ 'ಶ್ರೀ' ಎಂಬಲ್ಲಿ ವರ್ಗದ ಚಿಹ್ನೆಯೂ ಕಾಣಿಸಿಕೊಳ್ಳುತ್ತವೆ. ಇದು ಕಣ್ಣಿಗೆ ಕೂಡಲೇ ಬೀಳುವ ದೋಷ, ಅದನ್ನು ಸರಿಪಡಿಸಬಹುದು. ಎರಡನೆಯದು ಹೆಚ್ಚು ಸೂಕ್ಷ್ಮವಾದುದು. ಕನ್ನಡ ಪಠ್ಯದ ನಡುವೆ ನಿಜವಾದ ½ ಬೇಕಾದಾಗ ಬೆರಳಚ್ಚುಗಾರನು ಅಷ್ಟು ಭಾಗಕ್ಕೆ ಇಂಗ್ಲಿಷ್ ಅಕ್ಷರಶೈಲಿಯನ್ನು ಆರಿಸಿ, ಆಲ್ಟ್ ಕೀಲಿಯನ್ನು ಹಿಡಿದು 0189 ಎಂದು ಒತ್ತುತ್ತಿದ್ದನು. ಪುಟದ ಮೇಲೆ ಅದು ಸರಿಯಾಗಿಯೇ ಮೂಡುತ್ತಿತ್ತು. ಅದೇ ಕಡತವನ್ನು ವರ್ಷಗಳ ಅನಂತರ ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ಸಾಗಿಸುವಾಗ ಅಕ್ಷರಶೈಲಿಯ ಭೇದವನ್ನು ಗಮನಿಸದ ಪರಿವರ್ತಕವು ಆ ಅರೆಯನ್ನೂ 'ಳಿ' ಎಂದೇ ಬದಲಿಸುತ್ತದೆ. '2½ ಎಕರೆ' ಎಂಬುದು '2ಳಿ ಎಕರೆ' ಆಗುತ್ತದೆ. ಕರಡು ತಿದ್ದುವವನು ಅದನ್ನು ಬೆರಳಚ್ಚಿನ ಕಸವೆಂದು ತಿಳಿದು ಅಳಿಸಿಬಿಟ್ಟರೆ ಉಳಿಯುವುದು ಎರಡು ಎಕರೆ ಮಾತ್ರ, ಮತ್ತು ಅಲ್ಲಿ ಅರೆಯೊಂದಿತ್ತು ಎಂಬುದಕ್ಕೆ ಯಾವ ಕುರುಹೂ ಇರುವುದಿಲ್ಲ. ಗಣಿತದ ಪ್ರಶ್ನೆಪತ್ರಿಕೆಗಳಲ್ಲಿ ವರ್ಗದ ಚಿಹ್ನೆಯು 'ಶಿ' ಆಗುವುದೂ ಇದೇ ಕಾರಣದಿಂದ. ಈ ಕಷ್ಟವನ್ನು ತಪ್ಪಿಸಲೆಂದೇ ಅನೇಕರು ಸಮೀಕರಣಗಳನ್ನು ಚಿತ್ರಗಳಾಗಿ ಸೇರಿಸುವ ದಾರಿಯನ್ನು ಹಿಡಿದರು. ಚಿತ್ರವು ಎಲ್ಲ ಸಾಧನಗಳಲ್ಲಿಯೂ ಒಂದೇ ರೀತಿ ಕಾಣುತ್ತದೆ ಎಂಬುದು ನಿಜ. ಆದರೆ ಅದನ್ನು ಹುಡುಕಲಾಗದು, ತಿದ್ದಲಾಗದು, ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಖಾಲಿ ಜಾಗ.

ಯುನಿಕೋಡ್ ವ್ಯಾಪಕವಾದ ಮೇಲೆ 'ಳಿ'ಗೂ ½ಗೂ ಪ್ರತ್ಯೇಕ ಸಂಖ್ಯೆಗಳು ದೊರೆತು ಈ ಗೊಂದಲವು ಮೂಲದಲ್ಲಿಯೇ ನಿವಾರಣೆಯಾಯಿತು. ಇಂದಿನ ಮೊಬೈಲ್ ಕೀಲಿಮಣೆಗಳಲ್ಲಿ ಅಂಕಿಗಳ ಪುಟದ ಒಂದರ ಮೇಲೆ ಬೆರಳನ್ನು ಒತ್ತಿಹಿಡಿದರೆ ಅರೆ, ಕಾಲುಗಳು ಸಾಮಾನ್ಯವಾಗಿ ದೊರೆಯುತ್ತವೆ. ರೂಪಾಯಿ ಚಿಹ್ನೆಯ ಪ್ರವೇಶವಂತೂ ತ್ವರಿತವಾಗಿ ನಡೆಯಿತು. 2010ರ ಜುಲೈ 15ರಂದು ಕೇಂದ್ರ ಸರ್ಕಾರವು ಡಿ. ಉದಯಕುಮಾರ್ ಅವರ ವಿನ್ಯಾಸವನ್ನು ಅಂಗೀಕರಿಸಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಯುನಿಕೋಡ್ ಶಿಷ್ಟತೆಯನ್ನು ಸೇರಿತು. ಬೆಂಬಲಿಸುವ ಅಧಿಕಾರವಿದ್ದರೆ ಚಿಹ್ನೆಯೊಂದು ಮೂರು ತಿಂಗಳಲ್ಲಿ ಜಗತ್ತಿನ ಗಣಕಗಳನ್ನು ಪ್ರವೇಶಿಸಬಲ್ಲದು. ಕಡತದ ಗೆರೆಗಳಿಗೆ ಅಂತಹ ಬೆಂಬಲವಿರಲಿಲ್ಲ. ಅಂಶುಮಾನ್ ಪಾಂಡೆ ಅವರ ಪ್ರಸ್ತಾವದ ಫಲವಾಗಿ ಅವು 2009ರ 5.2ನೆಯ ಆವೃತ್ತಿಯಲ್ಲಿ 'ಉತ್ತರ ಭಾರತೀಯ' ಎಂದು ಆರಂಭವಾಗುವ ಹೆಸರುಗಳೊಡನೆ ಸೇರಿದವು. ಹೆಸರು ಉತ್ತರದ್ದಾದರೂ ಅವುಗಳನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿ ಕನ್ನಡವನ್ನೂ ಯುನಿಕೋಡ್ ನಮೂದಿಸಿದೆ. ತೆಲುಗಿನ ಭಿನ್ನರಾಶಿ ಅಂಕಿಗಳು ಅದಕ್ಕೂ ಮುನ್ನ 2008ರಲ್ಲಿ ತೆಲುಗು ವಿಭಾಗದಲ್ಲಿಯೇ ಸ್ಥಾನ ಪಡೆದಿದ್ದವು. ಸಿಯಾಖ್ ಅಂಕಿಗಳಿಗೆ 2018ರ 11ನೆಯ ಆವೃತ್ತಿಯಲ್ಲಿ ಸ್ಥಾನ ದೊರೆಯಿತು; ಕಾಲು, ಅರೆ, ಮುಕ್ಕಾಲುಗಳ ಸಿಯಾಖ್ ಚಿಹ್ನೆಗಳೂ ಅಲ್ಲಿವೆ.

ಹೀಗಾಗಿ ಲಿಂಗಸುಗೂರಿನ ಹಳೆಯ ದಫ್ತರವೊಂದರಲ್ಲಿ ಇರಬಹುದಾದ ಚಿಹ್ನೆಗಳಲ್ಲಿ ಬಹುಪಾಲು ಇಂದು ತಾತ್ವಿಕವಾಗಿ ಗಣಕದಲ್ಲಿ ಬರೆಯಬಹುದಾದವು. ಸಂಕೇತಸಂಖ್ಯೆ ಇದ್ದ ಮಾತ್ರಕ್ಕೆ ಎಲ್ಲ ಸಾಧನಗಳಲ್ಲಿಯೂ ಅದರ ಆಕಾರ ಕಾಣುತ್ತದೆ ಎಂದಲ್ಲ. ಅಕ್ಷರಶೈಲಿಯಲ್ಲಿ ಆ ರೂಪವಿಲ್ಲದಿದ್ದರೆ ಓದುಗನಿಗೆ ಕಾಣುವುದು ಖಾಲಿ ಚೌಕ. ಅದಕ್ಕಿಂತ ದೊಡ್ಡ ತೊಡಕು ಮೊದಲ ಓದಿನಲ್ಲಿಯೇ ಇದೆ. ಪ್ರತಿ ಮಾಡುವವನಿಗೂ ಯಾಂತ್ರಿಕವಾಗಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೂ ನೆಟ್ಟಗೆರೆಯು ಒಂದು ಎಂಬ ಅಂಕಿಯಾಗಿ ಅಥವಾ ವಾಕ್ಯದ ಕೊನೆಯ ದಂಡವಾಗಿ ತೋರುವ ಸಂಭವವಿದೆ. ಐದರ ಮುಂದಿನ ಒಂದು ಗೆರೆ ಐವತ್ತೊಂದಾಗುವುದು, ಎರಡರ ಮುಂದಿನ ಎರಡು ಗೆರೆಗಳು ಇನ್ನೂರ ಹನ್ನೊಂದಾಗುವುದು ಹೀಗೆ. ಅಂತಹ ತಪ್ಪು ಅಂಕಿಗಳ ಮೇಲೆ ಕಂದಾಯದ ಏರಿಳಿತವನ್ನೋ ಧಾನ್ಯದ ಬೆಲೆಯನ್ನೋ ನಿರ್ಣಯಿಸಿದರೆ ಆ ನಿರ್ಣಯವನ್ನು ಮುಂದಿನ ಸಂಶೋಧಕರು ಪರೀಕ್ಷಿಸುವುದೂ ಕಷ್ಟ, ಏಕೆಂದರೆ ಮೂಲದ ಗೆರೆ ಪ್ರತಿಯಲ್ಲಿ ಉಳಿದಿರುವುದಿಲ್ಲ.

ಸಹಸ್ರಾಮದ ಶಾಸನದ ಕ್ರಮವೇ ಇಲ್ಲಿ ಹೆಚ್ಚು ಭದ್ರವಾದುದು. ಕಡತದ ಪಾಠವನ್ನು ಸಂಪಾದಿಸುವಾಗ ಮೂಲದ ಗೆರೆಗಳನ್ನು ಯುನಿಕೋಡ್ ಚಿಹ್ನೆಗಳಲ್ಲಿ ಕೊಟ್ಟು, ಪಕ್ಕದಲ್ಲಿ ಚೌಕಾವರಣದೊಳಗೆ 'ಐದೂಕಾಲು', 'ಹತ್ತಾಣೆ' ಎಂದು ಅಕ್ಷರಗಳಲ್ಲಿಯೂ ಬರೆಯುವುದು. ವಿಸ್ತೀರ್ಣವನ್ನು ಚುಕ್ಕೆಯಿಂದಲ್ಲದೆ ಎಕರೆ, ಗುಂಟೆ, ಆಣೆಗಳ ಹೆಸರುಗಳೊಡನೆ ಮೂರು ಪ್ರತ್ಯೇಕ ಅಂಕಣಗಳಲ್ಲಿ ನಮೂದಿಸುವುದು. ಹಾಲಿ ಸಿಕ್ಕಾ ಮೊತ್ತವಾದರೆ ಅದನ್ನು ಸ್ಪಷ್ಟವಾಗಿ ಹೆಸರಿಸುವುದು. ನುಡಿ, ಬರಹಗಳಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳನ್ನು ಪರಿವರ್ತಿಸಿದಾಗ ಅಂಕಿಯ ಬೆನ್ನಿಗೇ ಬರುವ 'ಳಿ', 'ಶಿ'ಗಳನ್ನು ಅಳಿಸುವ ಮುನ್ನ ಮುದ್ರಿತ ಪ್ರತಿಯೊಡನೆ ಹೋಲಿಸುವುದು.